ಲ್ಯಾಪ್‌ಟಾಪಿನ ಹಣೆ

...ಅದು ಆಯುಧ ಪೂಜೆಯ ಮರುದಿನವೇ ಇರಬೇಕು, ಅಥವಾ ನೆನಪು ಹಾಗೆ ಜೋಡಿಸಿಕೊಂಡಿದೆ. ರಾಯದುರ್ಗದಲ್ಲಿ ಅಕ್ಕ ನಡೆಸುವ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿದ್ದೆವು ಅನ್ನುವುದಂತೂ ನಿಜ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ವಿಡಿಯೋ ಕಾಲ್‌ನಲ್ಲಿ ಜೇಬಿನ ಹೊಲಿಗೆ ನೋಡಿ ಆರ್ಡರ್ ಕೊಡಬೇಕಿತ್ತು. ಅಕ್ಕನಿಗೆ ಅದು ಮೊದಲ ದೊಡ್ಡ ಆರ್ಡರ್. ಮೊಬೈಲಿನಲ್ಲಿ ಹೊಲಿಗೆ ಮಸುಕಾಗಿ ಕಾಣುತ್ತಿದ್ದರಿಂದ ಲ್ಯಾಪ್‌ಟಾಪ್ ತೆರೆದಿದ್ದೆವು.

"ಮಾತು ಕೇಳಸ್ತದ್ರಿ, ಏನೂ ಕಾಣವಲ್ದು. ನಾ ಬ್ಯಾರೆ ಕಡೆ ನೋಡ್ಲೇನ್ರಿ?" ಎಂದರು ವ್ಯಾಪಾರಿ.

"ಒಂದ್ ನಿಮಿಷ ತಡೀರಿ ಸಾವ್ಕಾರ್ರ," ಎಂದಳು ಅಕ್ಕ.

ರೀಸ್ಟಾರ್ಟ್ ಮಾಡಿ ಮತ್ತೆ ಕಾಲ್ ಮಾಡಿದೆ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾಕ್ಕೆ ಅನುಮತಿ ಕೊಟ್ಟೆ. ಪರದೆ ಕಪ್ಪಾಗಿಯೇ ಉಳಿಯಿತು. ಅಕ್ಕ ಟ್ಯೂಬ್‌ಲೈಟ್ ಹಾಕಿದಾಗ ಆ ಕಪ್ಪು ತುಸು ಕೆಂಪಾಯಿತು. ಕ್ಯಾಮೆರಾ ಕೆಟ್ಟಿದ್ದರೆ ಕೆಂಪಾಗುವುದು ಹೇಗೆ? ಬಗ್ಗಿ ನೋಡಿದೆ. ಪೂಜೆಯಲ್ಲಿ ಹೊಲಿಗೆ ಮಷಿನ್‌ಗಳ ಜೊತೆ ಲ್ಯಾಪ್‌ಟಾಪಿಗೂ ಅಕ್ಕ ಕುಂಕುಮ ಇಟ್ಟಿದ್ದಳು, ಪರದೆಯ ಮೇಲಂಚಿನ ನಟ್ಟನಡುವೆ, ಹಣೆ ಇರಬೇಕಾದ ಜಾಗದಲ್ಲಿ. ಕ್ಯಾಮೆರಾ ಇದ್ದದ್ದೂ ಅಲ್ಲೇ.

"ಅಕ್ಕಾ, ಇದನ್ನ ದೇವರು ನೋಡ್ಲಿ ಅಂತ ಇಟ್ಟೀಯೋ, ಸಾವ್ಕಾರ ನೋಡಬಾರ್ದು ಅಂತ ಇಟ್ಟೀಯೋ?"

"ಬಾಯಿ ಮುಚ್ಚು. ಪೂರ್ತಿ ಅಳಸಬ್ಯಾಡ, ಬಾಜೂಕ ಸರಸು!"

ಜೀನ್ಸ್ ತುಂಡಿನಿಂದ ಒರೆಸಿ ಪಕ್ಕದಲ್ಲಿ ಬೇರೆ ಬೊಟ್ಟು ಇಟ್ಟೆ. ಪರದೆಯಲ್ಲಿ ಅಕ್ಕನ ಮುಖ ಬೆಳಗಿತು. ಅವಳು ಪ್ಯಾಂಟನ್ನು ಬಾವುಟದಂತೆ ಎತ್ತಿ ಹಿಡಿದಳು, ಜೇಬನ್ನು ಎಳೆದೆಳೆದು ತೋರಿಸಿದಳು.

"ಹೊಲೀರಿ," ಎಂದು ವ್ಯಾಪಾರಿ ನಕ್ಕರು. ಶೆಡ್ಡಿನಲ್ಲಿದ್ದವರೆಲ್ಲ ಮಷಿನ್ ನಿಲ್ಲಿಸಿ ಚಪ್ಪಾಳೆ ಹೊಡೆದರು.

ಮೈಕ್ ಅಷ್ಟು ಹೊತ್ತೂ ಆನ್ ಇತ್ತು. ಅವರು ಒಪ್ಪಿದ್ದು ಹೊಲಿಗೆ ನೋಡಿಯೋ, ನಮ್ಮ ಜಗಳ ಕೇಳಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ.