ಒಂದೇ ವರ್ಷದ ಡಾಕ್ಟರು

ಆ ಆಸ್ಪತ್ರೆಯ ಇಂಟರ್ನ್‌ಗಳಲ್ಲಿ ಎರಡು ಜಾತಿ. ಮೂರು ವರ್ಷ ಮೆಡಿಸಿನ್ ಕಲಿಯಲು ಸೇರಿದವರು ಮನೆಯ ಮಕ್ಕಳು. ಒಂದೇ ವರ್ಷಕ್ಕೆ ತೆಗೆದುಕೊಂಡ ನಾವು, ಪ್ರಿಲಿಮ್‌ಗಳು, ಮನೆಗೆಲಸದವರು. ಪ್ರಿಲಿಮ್‌ಗಳಲ್ಲಿ ಹೆಚ್ಚಿನವರಿಗೆ ಮುಂದೆ ಅರಿವಳಿಕೆಯಲ್ಲೋ ಎಕ್ಸ್‌ರೇಯಲ್ಲೋ ಸೀಟು ಕಾದಿತ್ತು. ವರ್ಷ ಹೇಗೋ ನೂಕಿದರೆ ಆಯಿತು. ನನಗೆ ಎಲ್ಲೂ ಏನೂ ಇರಲಿಲ್ಲ. ಎಂಬತ್ತರ ದಶಕದ ಕ್ಯಾಲಿಫೋರ್ನಿಯಾದಲ್ಲಿ, ಮೈಸೂರಿನಲ್ಲಿ ಓದಿ ಬಂದವಳಿಗೆ ಸಿಕ್ಕಿದ್ದೇ ಆ ಒಂದು ವರ್ಷ. ಅದು ಮುಗಿಯುವುದರೊಳಗೆ ಎರಡನೆಯ ವರ್ಷದ ಸೀಟು ಸಿಗದಿದ್ದರೆ ನನ್ನ ಡಾಕ್ಟರಿಕೆಗೆ ಅಲ್ಲಿಗೇ ಮಂಗಳ.

ಚಳಿಗಾಲದಲ್ಲಿ ಒಂದು ಸೀಟು ಖಾಲಿಯಾಗುತ್ತದೆಂದು ಗೊತ್ತಾಯಿತು. ಮನೆಯ ಮಕ್ಕಳಲ್ಲಿ ಒಬ್ಬಳು ಗಂಡನ ಊರಿಗೆ ಹೊರಟಿದ್ದಳು. ಪ್ರೋಗ್ರಾಂ ಡೈರೆಕ್ಟರರ ಬಳಿ ಹೋಗಿ ಕೇಳಿದೆ. ಅವರು ನಗುನಗುತ್ತಾ, ಮಾರ್ನಿಂಗ್ ರಿಪೋರ್ಟಿನಲ್ಲಿ ಎಲ್ಲರನ್ನೂ ಗಮನಿಸುತ್ತಿರುತ್ತೇನೆ, ನೋಡೋಣ ಎಂದರು.

ಮಾರ್ನಿಂಗ್ ರಿಪೋರ್ಟ್ ಎಂದರೆ, ಹಿಂದಿನ ದಿನ ಸೇರಿದ ರೋಗಿಗಳ ಬಗ್ಗೆ ಇಂಟರ್ನ್ ಎದ್ದು ನಿಂತು ಡೈರೆಕ್ಟರರಿಗೆ ವಿವರಿಸುವ ಸಭೆ. ಅಲ್ಲಿ ಒಂದು ಪದ್ಧತಿ: ರೋಗಿಯನ್ನು ಯಾರೇ ನೋಡಿರಲಿ, ವಿವರಿಸುವವರು ಮನೆಯ ಮಕ್ಕಳೇ. ಅವರು ಕಲಿಯಬೇಕಲ್ಲ. ಅಷ್ಟು ಹೊತ್ತೂ ವಾರ್ಡಿನಲ್ಲಿ ರಕ್ತ ತೆಗೆಯಲು, ಡ್ರಿಪ್ ಹಾಕಲು ನಾವು. ಬಿಡುವಾದರೆ ಬಂದು ಹಿಂದೆ ಗೋಡೆಗೊರಗಿ ನಿಲ್ಲಬಹುದಿತ್ತು. ಡೋನಟ್ ಪೆಟ್ಟಿಗೆ ನಮ್ಮ ತನಕ ಬರುವ ಹೊತ್ತಿಗೆ ಅದರಲ್ಲಿ ಬರೀ ಸಕ್ಕರೆ ಪುಡಿ. ಆ ಜನರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಒಂದು ಮಧ್ಯಾಹ್ನ, ಹೇವರ್ಡ್ ಕಡೆಯ ಗೋಡೌನಿನಲ್ಲಿ ಕೆಲಸ ಮಾಡುವ ಒಬ್ಬಾತನನ್ನು ನ್ಯುಮೋನಿಯಾ ಎಂದು ಬರೆದು ನನ್ನ ವಾರ್ಡಿಗೆ ಕಳಿಸಿದರು. ಜ್ವರ, ಬಲಪಕ್ಕೆಯಲ್ಲಿ ನೋವು, ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಮಬ್ಬು. ಕೆಮ್ಮು ಮಾತ್ರ ಇಲ್ಲ. ಕೆಳಗಿನ ಪಕ್ಕೆಲುಬುಗಳ ನಡುವೆ ಬೆರಳಿಟ್ಟು ಒತ್ತಿದೆ, ಮನುಷ್ಯ ಕಿರುಚಿಬಿಟ್ಟ. ಇದು ಶ್ವಾಸಕೋಶವಲ್ಲ, ಯಕೃತ್ತಿನಲ್ಲಿ ಅಮೀಬಾದಿಂದ ಆದ ಕೀವು ಎನ್ನಿಸಿತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಇಂಥವರನ್ನು ಎಷ್ಟೋ ಮಂದಿ ನೋಡಿದ್ದೆ. ಕೇಳಿದಾಗ, ತಾಯಿಯನ್ನು ನೋಡಲು ಮೆಕ್ಸಿಕೋಗೆ ಹೋಗಿಬಂದಿದ್ದೆ ಎಂದ. ರೇಡಿಯಾಲಜಿಯವರ ಜೊತೆ ಜಗಳವಾಡಿ ಸಂಜೆಯೊಳಗೆ ಅಲ್ಟ್ರಾಸೌಂಡ್ ಮಾಡಿಸಿದೆ. ಕೀವಿತ್ತು.

ಮರುದಿನ ಇಂಟರ್ನ್‌ಗಳ ಮೇಲ್ವಿಚಾರಣೆ ನೋಡುವ ಸೀನಿಯರ್ ರೆಸಿಡೆಂಟು ನನ್ನ ಬೆನ್ನು ತಟ್ಟಿ, ಕೇಸನ್ನು ಇನ್ನೊಬ್ಬ ಇಂಟರ್ನಿಗೆ ಕೊಟ್ಟ. ಮನೆಯ ಮಕ್ಕಳಲ್ಲೊಬ್ಬ, ಸಿರಿವಂತರ ಊರಾದ ಲಾಸ್ ಆಲ್ಟೋಸಿನ ಹುಡುಗ. ರೋಗಿಯ ಮುಖವನ್ನು ಅವನು ಕಂಡದ್ದೇ ಆ ಬೆಳಿಗ್ಗೆ, ಅದೂ ಬಾಗಿಲಿನಿಂದ. ನನ್ನಿಂದಲೇ ಎಲ್ಲ ಕೇಳಿಕೊಂಡು, ಟೈ ಸರಿಮಾಡಿಕೊಂಡು ಹೋಗಿ ನಿಂತು, ಪಕ್ಕೆಲುಬು ಒತ್ತಿದ್ದನ್ನೂ ತಾನೇ ಒತ್ತಿದಂತೆ ಹೇಳಿದ. ಡೈರೆಕ್ಟರರು ಮೇಜು ಕುಟ್ಟಿ ಶಹಭಾಸ್ ಎಂದರು. ನಾನು ಹಿಂದೆ ಹಲ್ಲು ಕಚ್ಚಿಕೊಂಡು ನಿಂತಿದ್ದೆ. ನಮ್ಮ ಕಾಲೇಜಿನಲ್ಲಿ ಪ್ರೊಫೆಸರು ಕೇಳದೆ ಬಾಯಿ ಬಿಟ್ಟವರ ಕಥೆ ಮುಗಿದಂತೆಯೇ. ಆ ಅಭ್ಯಾಸ ನನ್ನ ಜೊತೆ ವಿಮಾನ ಹತ್ತಿ ಬಂದಿತ್ತು. ಅಲ್ಲದೆ, ಕಂಡುಹಿಡಿದವಳು ನಾನೆಂದು ಡೈರೆಕ್ಟರರಿಗೆ ತಾನೇ ಹೇಳುವುದಾಗಿ ಸೀನಿಯರ್ ಮಾತು ಕೊಟ್ಟಿದ್ದ.

ಮನೆಗೆ ಬಂದು ಹೇಳಿದರೆ ನನ್ನ ಗಂಡ ಊಟ ನಿಲ್ಲಿಸಿ ನನ್ನ ಮುಖ ನೋಡಿದರು.

"ಅಲ್ಲೇ ಎದ್ದು ಹೇಳೋದಲ್ವೇನೇ? ಇಲ್ಲಿ ಬಾಯಿ ಬಿಡ್ದಿದ್ರೆ ಯಾರಿಗೂ ಏನೂ ಕಾಣ್ಸಲ್ಲ."

"ಕೆಲಸ ಕಾಣ್ಸುತ್ತೆ ಬಿಡ್ರೀ," ಎಂದೆ. ಹಾಗೆಂದು ನಂಬಿಯೂ ಇದ್ದೆ.

ಚಳಿಗಾಲ ಮುಗಿಯುವಾಗ ಡೈರೆಕ್ಟರರು ಕರೆಸಿದರು. ಸೀಟು ಹೊರಗಿನ ಯಾರಿಗೋ ಹೋಗಿತ್ತು. ನನ್ನ ಕೆಲಸದ ಬಗ್ಗೆ ಒಂದು ದೂರೂ ಇಲ್ಲವಂತೆ, ನರ್ಸುಗಳಿಗಂತೂ ನಾನೆಂದರೆ ಪ್ರಾಣವಂತೆ. ಆಮೇಲೆ ಬೇಸರದ ಮುಖ ಮಾಡಿಕೊಂಡರು.

"ಆದರೆ ನೀವು ಒಂದು ಕೇಸನ್ನಾದರೂ ಪ್ರೆಸೆಂಟ್ ಮಾಡಿದ್ದನ್ನ ನಾನು ಕೇಳಿಲ್ಲ. ನೀವು ಹೇಗೆ ಯೋಚನೆ ಮಾಡ್ತೀರಿ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಮೈಯೆಲ್ಲ ಉರಿಯಿತು. ಕುರ್ಚಿಯಿಂದ ಎದ್ದು ನಿಂತು, ಗೋಡೌನಿನ ಆ ಮನುಷ್ಯನ ಕೇಸನ್ನು ಅವರ ಮೇಜಿನ ಮುಂದೆಯೇ ಶುರುಮಾಡಿದೆ. ಜ್ವರ, ಇಲ್ಲದ ಕೆಮ್ಮು, ಬೆರಳಿಟ್ಟ ಜಾಗ, ಮೆಕ್ಸಿಕೋ, ಅಲ್ಟ್ರಾಸೌಂಡಿಗಾಗಿ ಆಡಿದ ಜಗಳ, ಒಂದನ್ನೂ ಬಿಡದೆ ಹೇಳಿದೆ. ಅವರು ಕೊನೆಯ ತನಕ ಕೇಳಿದರು. ಮುಖ ಅರಳಿತು.

"ಓ, ಈ ಕೇಸು ನನಗೆ ಚೆನ್ನಾಗಿ ನೆನಪಿದೆ," ಎಂದರು. "ಆ ಹುಡುಗ ಎಷ್ಟು ಚೆನ್ನಾಗಿ ಕಂಡುಹಿಡಿದಿದ್ದ."