ಲ್ಯಾನ್ಸಿ ಸುಡದ ಗರಿಗಳು

ಕುವೈತಿನ ಮಂಗಫ್‌ನಲ್ಲಿರುವ ಲ್ಯಾನ್ಸಿಯವರ ಫ್ಲ್ಯಾಟಿನಲ್ಲಿ ಶಿಲುಬೆಯ ಹಿಂದೆ ಒಣಗಿದ ಖರ್ಜೂರದ ಗರಿಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಗರಿಗಳ ಭಾನುವಾರ ಚರ್ಚಿನಿಂದ ತಂದ ಗರಿ ಆಶೀರ್ವದಿಸಿದ್ದು. ಕಸಕ್ಕೆ ಹಾಕುವಂತಿಲ್ಲ, ಸುಡಬೇಕು. "ಸುಟ್ಟು ಬಿಡಿ ಮಾರಾಯ್ರೆ, ಜಿರಲೆ ಗೂಡಾಯ್ತು," ಎಂದು ಹೆಂಡತಿ ಇನೆಜ್ ರೇಗುತ್ತಾಳೆ. ಲ್ಯಾನ್ಸಿ ಬೆಂಕಿಪೆಟ್ಟಿಗೆ ಮುಟ್ಟುವುದಿಲ್ಲ. ಗರಿ ಕಂಡರೆ ಅವರಿಗೆ ಆಚುಮ್ಮನ ಮುಖ ನೆನಪಾಗುತ್ತದೆ.

ಬೆಂಕಿಯ ಅಪಾಯ ಅಳೆಯುವುದೇ ಲ್ಯಾನ್ಸಿಯವರ ಉದ್ಯೋಗ. ೨೦೦೭ರ ಮಾರ್ಚಿನಲ್ಲಿ ಕಂಪೆನಿ ಅವರನ್ನು ಜಹ್ರಾದ ಜವುಗಿಗೆ ಕಳಿಸಿತ್ತು. ಅಲ್ಲಿಯ ಒಣ ಜೊಂಡಿಗೆ ಕಿಡಿ ಬಿದ್ದರೆ ಎಲ್ಲಿಯವರೆಗೆ ಹಬ್ಬೀತು ಎಂದು ಹೇಳಬೇಕಿತ್ತು. ಗಾಳಿಯ ದಿಕ್ಕು, ಕೆಲಸಗಾರರ ಟೆಂಟುಗಳ ದೂರ ಎಲ್ಲ ನೋಡಿ, ನಕ್ಷೆಯ ಪೂರ್ವದಂಚಿಗೆ ಅಪಾಯದ ಕೆಂಪು ಬಳಿದರು. ಟೆಂಟಿನವರಿಗೆ ಚಹಾ ಕಾಸುವ ಆಚುಮ್ಮ ಅವರಿಗೂ ಒಂದು ಲೋಟ ಕೊಟ್ಟು, ಅವರೆದುರೇ ಒಲೆ ನಂದಿಸಿದಳು. ಉಳ್ಳಾಲದ ಕಡೆಯ ವಿಧವೆ ಅವಳು.

ಆಮೇಲೆ ಲ್ಯಾನ್ಸಿ ಕಾರಿನಿಂದ ಹಳೆಯ ಗರಿಗಳನ್ನು ತೆಗೆದರು. ಬೂದಿ ಬುಧವಾರದ ಬೂದಿಗಾಗಿ ಅವನ್ನು ಮುಂಚೆಯೇ ಚರ್ಚಿಗೆ ಕೊಡುವುದು ಮರೆತಿತ್ತು. ಫ್ಲ್ಯಾಟಿನಲ್ಲಿ ಸುಟ್ಟರೆ ಅಲಾರಾಂ ಬಡಿದುಕೊಳ್ಳುತ್ತದೆ. ತಾವೇ ಕೆಂಪು ಬಳಿದ ಜಾಗದಲ್ಲಿ, ಪ್ರಾರ್ಥನೆ ಹೇಳಿ, ಕಡ್ಡಿ ಗೀರಿದರು! ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಬೂದಿಯ ಮೇಲೆ ಕಾಲಿನಿಂದ ಒಂದಿಷ್ಟು ಮರಳು ತಳ್ಳಿ ಹೊರಟುಬಿಟ್ಟರು.

ಸಂಜೆಯೊಳಗೆ ಅಲ್ಲಿಂದಲೇ ಜೊಂಡು ಹೊತ್ತಿ ಟೆಂಟುಗಳು ಉರಿದವು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಮ್ಯಾನೇಜರ್ ಮೋರಿಸ್‌ಗೆ ಒಂದು ಕಾರಣ ಬೇಕಿತ್ತು, ಒಲೆ ಕಣ್ಣಿಗೆ ಬಿತ್ತು.

"ಸಾರ್, ನಾನು ಒಲೆ ನಂದಿಸಿದ್ದು ನೀವೇ ನೋಡಿದ್ದೀರಲ್ಲ, ಒಂದು ಮಾತು ಹೇಳಿ," ಎಂದಳು ಆಚುಮ್ಮ. "ಇಕಾಮಾ ಹೋದ್ರೆ ಊರಿಗೆ ಕಳಿಸ್ತಾರೆ, ಮಗಳ ಓದು ನಿಲ್ತದೆ."

ನೋಡಿದ್ದೇನೆ ಎಂದರೆ ಮತ್ತೆ ಯಾರು ಹಚ್ಚಿದ್ದು ಎಂಬ ಪ್ರಶ್ನೆ ಏಳುತ್ತಿತ್ತು. "ನಾನು ಗಮನಿಸ್ಲಿಲ್ಲ ಮೋರಿಸ್," ಎಂದರು ಲ್ಯಾನ್ಸಿ. ಥೂ, ಎಂಥ ಹೇಡಿತನ!

"ಖಲಾಸ್," ಎಂದ ಮೋರಿಸ್.

ಮನಸ್ಸು ಚುಚ್ಚಿ, ಅವಳನ್ನು ಏರ್‌ಪೋರ್ಟಿಗೆ ಬಿಡಲು ಲ್ಯಾನ್ಸಿಯೇ ಹೋದರು. ದಾರಿಯುದ್ದಕ್ಕೂ ನಿಜ ನಾಲಿಗೆಯ ತುದಿಗೆ ಬಂದು ಬಂದು ಹಿಂದೆ ಹೋಯಿತು. ಇಳಿಯುವಾಗ ಅವಳೇ ಬಾಯಿಬಿಟ್ಟಳು.

"ಯೋಚನೆ ಮಾಡಿ ಮಾಡಿ ಈಗ ನನಗೇ ಸಂಶಯ ಸಾರ್. ಒಲೆ ನಂದಿಸ್ಲಿಲ್ಲವೋ ಏನೋ. ನೀವು ಊರಿನವರು, ನೋಡಿದ್ರೆ ಹೇಳದೆ ಇರ್ತೀರಾ? ನಿಮಗೂ ತೊಂದರೆ ಕೊಟ್ಟೆ, ಮಾಫ್ ಮಾಡಿ."

"ಪರವಾಗಿಲ್ಲ ಆಚುಮ್ಮ," ಎಂದು ಲ್ಯಾನ್ಸಿ ಅವಳನ್ನು ಕ್ಷಮಿಸಿದರು.