ಬೆಲ್ಟ್ ಬಿಚ್ಚಿಟ್ಟ ಕಂಪ್ಯೂಟರ್

ಆ ಮಂಗಳವಾರ ಬೆಳಿಗ್ಗೆ ನೇಕಾರರ ಸಂಘದ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಚ್ಚಳ ತೆರೆದು ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಪರದೆ ಕಪ್ಪಗೇ ಉಳಿಯಿತು, ಎಂದಿನ ಸಣ್ಣ ಗುಂಯ್‌ಗುಡುವಿಕೆಯೂ ಕೇಳಲಿಲ್ಲ. ಗುರುವಾರ ಸಂಜೆಯೊಳಗೆ ಅದರಲ್ಲಿದ್ದ ಪಟ್ಟಿಯೊಂದನ್ನು ಮುದ್ರಿಸಿ, ಕೆಲಸಗಾರರಿಗೆ ಗುರುತಿನ ಚೀಟಿ ಕೊಡುವ ಕಚೇರಿಗೆ ತಲುಪಿಸಬೇಕಿತ್ತು. ತಲುಪಿಸದಿದ್ದರೆ ದೊಡ್ಡಬಳ್ಳಾಪುರದ ಹನ್ನೊಂದು ಬೀದಿಗಳಲ್ಲಿ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುವ ಹೆಂಗಸರು ಸರಕಾರದ ಕಣ್ಣಿನಲ್ಲಿ ಮತ್ತೆಷ್ಟು ವರ್ಷ ಕೆಲಸಗಾರರೇ ಅಲ್ಲದೆ ಉಳಿಯುತ್ತಿದ್ದರೋ ಹೇಳಲಾಗದು.

ಅದು ತೊಂಬತ್ತರ ದಶಕದ ಕೊನೆಯ ಕಾಲ. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಫಲಕಗಳನ್ನು ಗೆದ್ದು, ನ್ಯಾಯವಾದ ಮಾತನ್ನು ಕ್ರಮಬದ್ಧವಾಗಿ ಮಂಡಿಸಿದರೆ ಲೋಕ ಒಪ್ಪಲೇಬೇಕು ಎಂಬ ನಂಬಿಕೆಯೊಂದಿಗೆ ಊರಿಗೆ ಮರಳಿದವನು. ಲೋಕಕ್ಕೆ ಆ ನಿಯಮ ತಿಳಿದಿರಲಿಲ್ಲ. ಸಂಘದ ಪರವಾಗಿ ವಿದ್ಯುತ್ ಮಗ್ಗಗಳ ಬೀದಿಗಳಲ್ಲಿ ಮನೆಮನೆಗೂ ಹೋಗಿ ಯಾರು ಯಾವ ಕೆಲಸ ಮಾಡುತ್ತಾರೆಂದು ಬರೆದುಕೊಳ್ಳತೊಡಗಿದಾಗ ಅದು ಗೊತ್ತಾಯಿತು. ಬಾಗಿಲಲ್ಲಿ ನಿಂತ ಗಂಡಸು ತನ್ನ ಹೆಸರು ಹೇಳುತ್ತಿದ್ದ, ಮಗನ ಹೆಸರು ಹೇಳುತ್ತಿದ್ದ. ಹೆಂಡತಿ ಏನು ಕೆಲಸ ಮಾಡುತ್ತಾರೆಂದು ಕೇಳಿದರೆ ಉತ್ತರ ಒಂದೇ: “ಅವ್ಳಾ? ಅವ್ಳೇನಿಲ್ಲ ಸಾರ್, ಮನೇಲವ್ಳೆ.”

ಆ ಮಾತು ಆಡುವಾಗ ಅವನ ಬೆನ್ನ ಹಿಂದೆಯೇ ಆಕೆ ರಾಟೆಯ ಮುಂದೆ ಕುಳಿತು ರೇಷ್ಮೆಯನ್ನು ಕಂಡಿಕೆಗೆ ಸುತ್ತುತ್ತಿರುತ್ತಿದ್ದಳು. ಕಂಡಿಕೆಯೆಂದರೆ ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲಿನ ಪುಟ್ಟ ಕೊಳವೆ. ಅದು ಮುಗಿದರೆ ಮಗ್ಗ ನಿಲ್ಲುತ್ತದೆ. ಬೆಳಗಿನಿಂದ ಹೊತ್ತು ಮುಳುಗುವವರೆಗೆ ಅದನ್ನು ಮುಗಿಯಗೊಡದೆ ಸುತ್ತುವವಳು ಏನೂ ಮಾಡುವುದಿಲ್ಲವಂತೆ. ಈ ಅನ್ಯಾಯವನ್ನು ಹೇಳುವವರು ಕೂಗಾಡಿಯೂ ಹೇಳುತ್ತಿರಲಿಲ್ಲ, ನಾಚಿಯೂ ಹೇಳುತ್ತಿರಲಿಲ್ಲ. ನೀರಿನ ರುಚಿ ಹೇಳಿದಷ್ಟು ಸಹಜವಾಗಿ ಹೇಳುತ್ತಿದ್ದರು. ನನಗೆ ಹೆಚ್ಚು ಸಿಟ್ಟು ಬರಿಸುತ್ತಿದ್ದುದು ಆ ಸಹಜತೆ.

ನಾಲ್ಕು ತಿಂಗಳು ಅಲೆದೆ. ಗಂಡಸರು ಮಗ್ಗದ ಮೇಲಿದ್ದ ಹೊತ್ತಿನಲ್ಲಿ ಹೋಗಿ ಹೆಂಗಸರನ್ನೇ ಕೇಳಿ ಬರೆದುಕೊಂಡೆ. ಬೆಂಗಳೂರಿನ ಕಂಪನಿಯೊಂದರಲ್ಲಿದ್ದ ನನ್ನ ಕಾಲೇಜು ಗೆಳೆಯ, ಅವರ ಕಚೇರಿ ಕೈಬಿಟ್ಟಿದ್ದ ಹಳೆಯ ಲ್ಯಾಪ್‌ಟಾಪೊಂದನ್ನು ಸಂಘಕ್ಕೆ ಕೊಡಿಸಿದ್ದ. ದಿನಕ್ಕೆ ಎರಡು ಹೊತ್ತು ಕರೆಂಟು ಹೋಗುವ ಊರಿನಲ್ಲಿ, ಕರೆಂಟಿಲ್ಲದೆಯೂ ಅರ್ಧ ಗಂಟೆ ನಡೆಯುವ ಯಂತ್ರವೆಂದು ಜನ ಅದನ್ನು ನೋಡಲು ಬರುತ್ತಿದ್ದರು. ಬಂದವರಿಗೆಲ್ಲ ನಾನು ಅದರ ತಳದಿಂದ ಬ್ಯಾಟರಿಯನ್ನು ಎಳೆದು ತೋರಿಸಿ, ಮತ್ತೆ ತಳ್ಳಿ ಕೂರಿಸುತ್ತಿದ್ದೆ. ಪಟ್ಟಿಯೆಲ್ಲ ಅದರೊಳಗೆ ಸೇರಿತು. ಸೇರಿದ ವಾರವೇ ಸಂಘದ ಕಾರ್ಯದರ್ಶಿ ನಾನು ಹೆಸರುಗಳನ್ನು ಬರೆದುಕೊಂಡಿದ್ದ ನೋಟ್‌ಬುಕ್ಕುಗಳನ್ನು ಹಳೇ ಪೇಪರಿನವನಿಗೆ ಹಾಕಿಬಿಟ್ಟಿದ್ದರು. “ಎಲ್ಲಾ ಕಂಪ್ಯೂಟರ್‌ನಾಗೇ ಐತಲ್ಲ ಸಾರ್, ಕಸ ಯಾಕೆ?” ಎಂಬುದು ಅವರ ಸಮಜಾಯಿಷಿ. ಫ್ಲಾಪಿಗೆ ನಕಲು ಮಾಡಿಟ್ಟುಕೊ ಎಂದು ಗೆಳೆಯ ಎರಡು ಸಲ ಎಚ್ಚರಿಸಿದ್ದ. ಅದನ್ನು ಮಾಡದಿದ್ದವನು ನಾನೇ. ಆದರೆ ಅಂದು ಆ ತಪ್ಪನ್ನು ನೆನೆಯುವುದಕ್ಕಿಂತ ನೋಟ್‌ಬುಕ್ಕುಗಳನ್ನು ಕಸಕ್ಕೆ ಹಾಕಿದವರ ಮೇಲೆ ಸಿಟ್ಟಾಗುವುದು ಸುಲಭವಾಗಿತ್ತು.

ಮಂಗಳವಾರವಿಡೀ ಪರೀಕ್ಷೆ ನಡೆಯಿತು. ಸ್ವಿಚ್ಚು ನೋಡಿದೆ, ಪ್ಲಗ್ಗನ್ನು ಬೇರೆ ಸಾಕೆಟ್ಟಿಗೆ ಹಾಕಿದೆ. ವಯರಿನ ನಡುವಿನ ಕಪ್ಪು ಡಬ್ಬಿಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಆದರೂ ಯಂತ್ರ ಮಿಸುಕಲಿಲ್ಲ. ಮಗ್ಗ ರಿಪೇರಿ ಮಾಡುವ ಮೇಸ್ತ್ರಿಯನ್ನು ಕರೆಸಿದೆ. ಅವರು ಟೆಸ್ಟರನ್ನು ಸಾಕೆಟ್ಟಿಗೆ ಚುಚ್ಚಿ ನೋಡಿದರು.

“ಫೇಸು ಚೆನ್ನಾಗೇ ಬರ್ತಾ ಐತೆ ಸಾರ್. ರೋಗ ಇರೋದು ನಿಮ್ ಪೆಟ್ಟಿಗೇಲಿ.”

“ಬಿಚ್ಚಿ ನೋಡ್ತೀರಾ?”

“ಬಿಚ್ಚೋದೇನ್ ದೊಡ್ಡದು, ಈಗ್ಲೇ ಬಿಚ್ತೀನಿ. ಮತ್ತೆ ಕೂಡ್ಸೋದಕ್ಕೆ ನಿಮ್ ಫ್ರೆಂಡೇ ಬರ್ಬೇಕಾಯ್ತದೆ.”

ಬೇಡವೆಂದೆ. ಕಾರ್ಯದರ್ಶಿಯನ್ನು ಕರೆದು, ಇದನ್ನು ಯಾರು ಮುಟ್ಟಿದ್ದರು ಎಂದು ಕೇಳಿದೆ. ಭಾನುವಾರ ಸಂಜೆ ಸರಿಯಾಗಿತ್ತು. ಸೋಮವಾರ ಅಮಾವಾಸ್ಯೆ, ಮಗ್ಗಗಳಿಗೆ ರಜೆ, ನಾನು ಬಂದಿರಲಿಲ್ಲ.

“ಯಾರೂ ಮುಟ್ಟಿಲ್ಲ ಸಾರ್. ಆಯಮ್ಮ ಒಬ್ಳು ಕಸ ಹೊಡ್ದು ಹೋಗ್ತಾಳೆ. ಅವ್ಳಿಗೇನ್ ಗೊತ್ತಾಗ್ತದೆ ಇದೆಲ್ಲಾ.”

ಖಜಾಂಚಿಯನ್ನು ಕೇಳಿದೆ, ಪಕ್ಕದ ಚಹಾದಂಗಡಿಯವನನ್ನು ಕೇಳಿದೆ. ಎಲ್ಲರೂ ಇಲ್ಲವೆಂದರು. ಕೋಣೆಯ ಕಪಾಟಿನ ಮೇಲೆ ದೇವರ ಪಟದ ಮುಂದೆ ಅಮಾವಾಸ್ಯೆಯ ಪೂಜೆಯ ಬಾಡಿದ ಹೂವು, ಅರ್ಧ ಉರಿದ ಊದುಬತ್ತಿ, ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಯಾವುದೋ ಚಿಕ್ಕ ಇಟ್ಟಿಗೆಯಂಥ ವಸ್ತು, ಅದರ ಮೇಲೆ ಕುಂಕುಮ. ಸಂಘದ ಕೋಣೆಯಲ್ಲಿ ಪೂಜೆ ಬೇಡವೆಂದು ನಾನು ಸಭೆಯಲ್ಲಿ ಮುಕ್ಕಾಲು ಗಂಟೆ ವಾದಿಸಿ ಸೋತಿದ್ದೆ. ಅದನ್ನು ನೋಡಿ ನನ್ನ ಸಿಟ್ಟು ಇನ್ನಷ್ಟು ಏರಿತು. ಮುಖ ತಿರುಗಿಸಿಕೊಂಡೆ.

ಬುಧವಾರ ಲ್ಯಾಪ್‌ಟಾಪನ್ನು ಬಟ್ಟೆಚೀಲದಲ್ಲಿಟ್ಟು ಮಡಿಲಲ್ಲಿ ಹೊತ್ತುಕೊಂಡು ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆ. ಗಾಜಿನ ಬಾಗಿಲಿನ ರಿಪೇರಿ ಅಂಗಡಿ. ಟೈ ಕಟ್ಟಿದ್ದ ಮನುಷ್ಯ ಅದರ ಮುಚ್ಚಳ ತೆರೆದು ಗುಂಡಿಯನ್ನು ಒಮ್ಮೆ ಒತ್ತಿದ. ನನ್ನ ಚಪ್ಪಲಿಯ ಧೂಳನ್ನು ನೋಡಿದ.

“ಎಲ್ಲಿಂದ ಬಂದ್ರಿ?”

ಹೇಳಿದೆ.

“ಅದೇ ಮತ್ತೆ. ನಿಮ್ ಕಡೆ ವೋಲ್ಟೇಜ್ ಸರಿ ಇರಲ್ಲ. ಮದರ್‌ಬೋರ್ಡ್ ಹೋಗಿದೆ. ಇಲ್ಲಾಂದ್ರೆ ಯಾರೋ ನೀರು ಚೆಲ್ಲಿರ್ತಾರೆ. ಇಟ್ಟೋಗಿ, ಮೂರು ವಾರ ಆಗತ್ತೆ.”

“ಬಿಚ್ಚಿಯೇ ನೋಡಲಿಲ್ಲವಲ್ಲ, ಹೇಗೆ ಹೇಳುತ್ತೀರಿ?”

“ಎಕ್ಸ್‌ಪೀರಿಯನ್ಸ್ ಸರ್.”

ತೀರ್ಪಿಗಿಂತ ಮೊದಲು ಸಾಕ್ಷ್ಯ ಇರಬೇಕೆಂದು ನಾನು ಅವನಿಗೆ ಸಾಕಷ್ಟು ದೀರ್ಘವಾಗಿಯೇ ಹೇಳಿದೆ. ಕಾಲೇಜಿನಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಅವನು ಅಷ್ಟು ಹೊತ್ತಿಗೆ ಹಿಂದೆ ನಿಂತಿದ್ದ ಗಿರಾಕಿಯ ಕಡೆ ಕೈ ಚಾಚಿದ್ದ. ಮನುಷ್ಯನ ಊರು ಕೇಳಿ ಯಂತ್ರದ ರೋಗ ಹೇಳುವ ವೈದ್ಯ ಅವನು. ಯಂತ್ರವನ್ನು ಮಗುಚಿ ಅದರ ತಳವನ್ನೊಮ್ಮೆ ನೋಡುವಷ್ಟು ಗೌರವ ನನ್ನ ಊರಿಗೆ ಅವನಲ್ಲಿರಲಿಲ್ಲ. ನಾನೂ ಮಗುಚಿ ನೋಡಿರಲಿಲ್ಲ ಎಂಬುದು ಬೇರೆ ಮಾತು. ಹೋಗುವಾಗ ಬರುವಾಗ ನಾಲ್ಕು ಗಂಟೆ ಮಡಿಲಲ್ಲಿದ್ದ ವಸ್ತು ಮೊದಲಿಗಿಂತ ಹಗುರಾಗಿದೆ ಎಂದು ನನ್ನ ತೊಡೆಗಳಿಗೂ ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಕಾಗದ, ಪೆನ್ನು ಹಿಡಿದು ಹನ್ನೊಂದು ಬೀದಿಗಳನ್ನು ಒಂದೇ ದಿನದಲ್ಲಿ ಮತ್ತೆ ಸುತ್ತುವುದೆಂದು ಕೋಣೆಗೆ ಬಂದೆ. ಅದು ಆಗದ ಮಾತೆಂದು ಗೊತ್ತಿತ್ತು. ಕಸ ಹೊಡೆಯುವ ಆಕೆ ಒಳಗಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಸಂಘದ ಕೋಣೆ ಗುಡಿಸಿ, ಉಳಿದ ಹೊತ್ತೆಲ್ಲ ಪಕ್ಕದ ಬೀದಿಯ ತಮ್ಮ ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದವರು. ನಾನು ಅಭ್ಯಾಸಬಲದಿಂದ ಮತ್ತೊಮ್ಮೆ ಗುಂಡಿ ಒತ್ತಿ, ಮುಚ್ಚಳವನ್ನು ಪಟಾರನೆ ಮುಚ್ಚಿದೆ. ಆಕೆ ಪೊರಕೆ ನಿಲ್ಲಿಸಿದರು.

“ಬೆಲ್ಟ್ ಹಾಕ್ದೇನೇ ಎಷ್ಟ್ ದಿವ್ಸ ಒತ್ತುತೀರಾ ಸಾಮಿ?”

“ಯಾವ ಬೆಲ್ಟು?”

“ಇದ್ರುದು. ಅಮಾಸೆ ದಿನ ಬಿಚ್ಚಿಟ್ಟಿದ್ದೆ ಅಲ್ವಾ.”

ಕಪಾಟಿನ ಮೇಲಿದ್ದ ಹಳದಿ ಬಟ್ಟೆಯ ಗಂಟನ್ನು ಆಕೆ ಎರಡೂ ಕೈಯಲ್ಲಿ ಇಳಿಸಿ ಬಿಚ್ಚಿದರು. ಒಳಗೆ ಲ್ಯಾಪ್‌ಟಾಪಿನ ಬ್ಯಾಟರಿ ಇತ್ತು.

ಮಗ್ಗದ ಮನೆಗಳ ಪದ್ಧತಿಯನ್ನು ಇಲ್ಲಿ ಹೇಳಬೇಕು. ಅಮಾವಾಸ್ಯೆಯಂದು ಮಗ್ಗಕ್ಕೆ ವಿಶ್ರಾಂತಿ. ಮರೆತು ಯಾರಾದರೂ ಓಡಿಸಿಬಿಟ್ಟಾರೆಂದು ಮೋಟಾರಿನಿಂದ ಬೆಲ್ಟನ್ನು ಬಿಚ್ಚಿ ದೇವರ ಮುಂದಿಡುತ್ತಾರೆ. ಬಿಚ್ಚುವುದು ಮನೆಯ ಹೆಂಗಸು. ಮರುದಿನ ಹಾಕಬೇಕಾದವನು ಮಗ್ಗ ಓಡಿಸುವವನೇ, ತನ್ನ ಕೈಯಾರೆ. ಬೇರೆಯವರು ಹಾಕಿದರೆ ಮಗ್ಗ ಮುನಿಯುತ್ತದೆಂಬ ನಂಬಿಕೆ. ಲ್ಯಾಪ್‌ಟಾಪ್ ಬಂದ ಮೇಲೆ ಇದೇ ಮೊದಲ ಅಮಾವಾಸ್ಯೆ. ನಾನು ಜನರಿಗೆ ಬ್ಯಾಟರಿ ಎಳೆದು ತೋರಿಸುವುದನ್ನು ಆಕೆ ಮೂಲೆಯಿಂದ ನೋಡಿದ್ದರು. ಕರೆಂಟಿಲ್ಲದಾಗಲೂ ಯಂತ್ರವನ್ನು ಓಡಿಸುವುದು ಅದೇ ಎಂದು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು.

“ಮೂರು ದಿನದಿಂದ ಒದ್ದಾಡುತ್ತಿದ್ದೇನೆ ಅಕ್ಕಾ. ಒಂದು ಮಾತು ಹೇಳಬಾರದಿತ್ತೇ?” ನನ್ನ ದನಿ ಗಡುಸಾಗಿತ್ತು.

“ದೇವ್ರ ಮುಂದೆ ಎದುರ್ಗೇ ಇಟ್ಟಿದ್ನಲ್ಲ. ಓಡ್ಸೋರು ನೀವು, ನೀವೇ ತಕ್ಕೊಂಡು ಹಾಕ್ಕೋತೀರಾ ಅಂದ್ಕೊಂಡೆ. ಆಮೇಕೆ ಮೇಸ್ತ್ರಿ ಬಂದ, ಏನೇನೋ ಚುಚ್ಚಿದ. ಬೇರೇನೋ ಕೆಟ್ಟೈತೇನೋ ಅನ್ಕೊಂಡೆ.”

“ಯಾರು ಮುಟ್ಟಿದ್ದರು ಎಂದು ನಾನು ಎಲ್ಲರನ್ನೂ ಕೇಳಿದೆನಲ್ಲ.”

“ನನ್ನನ್ನ ಕೇಳಿದ್ರಾ?”

ಆಕೆಯ ದನಿಯಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ತಿಳಿದುಕೊಳ್ಳಲು ಕೇಳಿದಂತಿತ್ತು. ಅವಳಿಗೇನು ಗೊತ್ತಾಗುತ್ತದೆ ಎಂದು ಕಾರ್ಯದರ್ಶಿ ಹೇಳಿದಾಗ, ಆಕೆ ಅದೇ ಕೋಣೆಯಲ್ಲಿ ಬೆಂಚಿನ ಕೆಳಗಿನ ಕಸ ಎಳೆಯುತ್ತಿದ್ದರು. ನಾನು ಆ ಉತ್ತರವನ್ನು ಒಪ್ಪಿ ಖಜಾಂಚಿಯ ಬಳಿಗೆ ಹೋಗಿದ್ದೆ. ನಾಲ್ಕು ತಿಂಗಳು ಹನ್ನೊಂದು ಬೀದಿಗಳಲ್ಲಿ ಯಾವ ಉತ್ತರವನ್ನು ಒಪ್ಪಬಾರದೆಂದು ಅಲೆದಿದ್ದೆನೋ ಅದನ್ನೇ ನನ್ನ ಕೋಣೆಯಲ್ಲಿ ಒಂದು ಪ್ರಶ್ನೆಯಿಲ್ಲದೆ ಒಪ್ಪಿದ್ದೆ. ಇಷ್ಟು ವರ್ಷಗಳ ಮೇಲೂ ಇದನ್ನು ಬರೆಯುವಾಗ ಟೈ ಕಟ್ಟಿದವನ ಮೇಲಿನ ಸಿಟ್ಟು ತಗ್ಗಿಲ್ಲ. ನನ್ನ ಮೇಲಿನದು ಅದಕ್ಕಿಂತ ಒಂದು ಗೇಣು ಹೆಚ್ಚಿದೆ.

ಬ್ಯಾಟರಿಯ ತುದಿಯ ಕುಂಕುಮವನ್ನು ಒರೆಸಿದೆ. ಆಕೆ ಹಾಕಲು ಒಪ್ಪಲಿಲ್ಲ, ನಾನೇ ತಳ್ಳಿ ಕೂರಿಸಿದೆ. ಗುಂಡಿ ಒತ್ತಿದರೆ ಯಂತ್ರ ಗುಂಯ್‌ಗುಟ್ಟಿ ಎದ್ದಿತು. ಬ್ಯಾಟರಿ ಇಲ್ಲದೆ ನೇರ ಕರೆಂಟಿನಲ್ಲಿ ಆ ಮಾದರಿ ನಡೆಯುವುದೇ ಇಲ್ಲವೆಂದು ಗೆಳೆಯ ಆಮೇಲೆ ಹೇಳಿದ.

“ನಿಮ್ಮ ಹೆಸರೂ ಇದರಲ್ಲಿದೆಯೇ ನೋಡೋಣ,” ಎಂದು ಪಕ್ಕದ ಬೀದಿಯ ಹಾಳೆ ತೆರೆದೆ. ಇರಲಿಲ್ಲ. ನಾನು ಹೋದ ದಿನ ಆಕೆ ಇಲ್ಲೇ ಕೋಣೆ ಗುಡಿಸುತ್ತಿದ್ದಿರಬೇಕು. ಬಾಗಿಲಲ್ಲಿದ್ದ ಆಕೆಯ ತಮ್ಮ ಏನು ಹೇಳಿದ್ದನೆಂದು ಕೇಳುವ ಅಗತ್ಯವಿರಲಿಲ್ಲ. ಪಟ್ಟಿಯ ಕೊನೆಯ ಹಾಳೆಯ ಕೊನೆಯ ಸಾಲಿನಲ್ಲಿ ಆಕೆಯ ಹೆಸರು ಸೇರಿಸಿದೆ. ಎಷ್ಟು ವರ್ಷದಿಂದ ಸುತ್ತುತ್ತಿದ್ದೀರಿ ಎಂದು ಕೇಳಿದಾಗ, “ಲೆಕ್ಕ ಯಾರಿಟ್ರು, ಹಲ್ಲು ಬಿದ್ದು ಮೂಡೋ ಕಾಲದಿಂದ,” ಎಂದರು. ಈ ಸಲ ಫ್ಲಾಪಿಗೆ ನಕಲು ತೆಗೆದೆ.

ಟೈಪಿಂಗ್ ಇನ್‌ಸ್ಟಿಟ್ಯೂಟಿನ ಪ್ರಿಂಟರು ಕಿರುಗುಟ್ಟುತ್ತ ಪಟ್ಟಿಯನ್ನು ಮುಗಿಸುವ ಹೊತ್ತಿಗೆ ಕರೆಂಟು ಹೋಗಲು ಹತ್ತೇ ನಿಮಿಷ ಉಳಿದಿತ್ತು. ಕಾರ್ಯದರ್ಶಿಗೆ ಕಚೇರಿಗೆ ಬರಲು ಬಿಡುವಿರಲಿಲ್ಲ. ಆಕೆ ಬಂದರು. ಅಂಚಿನ ತೂತುಗಳ ಉದ್ದನೆಯ ಕಾಗದವನ್ನು ಸೀರೆಯಂತೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದರು.

ಕಚೇರಿಯ ಗುಮಾಸ್ತರು ಹಾಳೆ ಮೇಲೆ ಹಾಳೆ ತಿರುವಿದರು.

“ಏನ್ರೀ ಇದು, ಬರೀ ಹೆಂಗಸ್ರು. ಮಗ್ಗ ಓಡ್ಸೋರು ಗಂಡಸ್ರಲ್ವಾ?”

ಇದಕ್ಕೆ ನನ್ನ ಬಳಿ ಮೂರು ಭಾಗಗಳ ಉತ್ತರ ಸಿದ್ಧವಿತ್ತು. ಪೀಠಿಕೆಗೆಂದು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಪಕ್ಕದಿಂದ ಮಾತು ಬಂತು.

“ಓಡಿಸ್ಲಿ ಬುಡಿ ಸಾಮಿ. ಕಂಡಿಕೆ ಇಲ್ದೆ ಹೋದ್ರೆ ಲಾಳಿ ಏನ್ ಎಳ್ಕೊಂಡು ಓಡ್ತದೆ, ಗಾಳೀನಾ?”

ಗುಮಾಸ್ತರು ಕನ್ನಡಕದ ಮೇಲಿನಿಂದ ಆಕೆಯನ್ನು ನೋಡಿದರು.

“ನೀನ್ಯಾರಮ್ಮ?”

“ಕಡೇ ಹಾಳೆ, ಕಡೇ ಸಾಲು ನೋಡಿ.”

ಅವರು ನಿಜವಾಗಿಯೂ ತಿರುವಿ ನೋಡಿದರು. ಸಾಲಿನ ಕೆಳಗೆ ಬೆರಳಿಟ್ಟು ಹೆಸರು ಓದಿ, ಏನೋ ಗೊಣಗಿ, ಸೀಲನ್ನು ಮಸಿಗೆ ಅದ್ದಿ ಸ್ವೀಕೃತಿಯ ಮೇಲೆ ಒತ್ತಿದರು. ಆ ಚೀಟಿಯನ್ನು ನನ್ನತ್ತ ಚಾಚಿದರು. ನಾನು ಕೈ ನೀಡಲಿಲ್ಲ. ಚೀಟಿ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಆಕೆಯ ಕಡೆ ತಿರುಗಿತು.

ಆಕೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಮೆಟ್ಟಿಲ ಮೇಲೆ ನಿಂತು ನಾನು, ಈ ಚೀಟಿ ಎಂದರೇನು, ಇನ್ನು ಮುಂದೆ ಕಚೇರಿ ಏನು ಮಾಡಬೇಕಾಗುತ್ತದೆ ಎಂದು ವಿವರಿಸಲು ಹೊರಟೆ.

“ದಾರೀಲಿ ಹೇಳಿ, ನಡೀರಿ,” ಎಂದರು. “ಮೂರ್ ಗಂಟೆಗೆ ಕರೆಂಟ್ ಬರ್ತದೆ. ಒಂದ್ ಕಂಡಿಕೇನೂ ಸುತ್ತಿಲ್ಲ ಇವತ್ತು.”